ವಿಮ್ಮು, ಇಮ್ಯಾಕ್ಸು ಮತ್ತು ಒಂದು ಪ್ರಾಯಶ್ಚಿತ್ತ

ವಿಮ್ ಅಂದ ಕೂಡಲೇ ಪಾತ್ರೆ ತೊಳೆಯೋ ಸೋಪು ನೆನಪಾದವರು ಸ್ವಲ್ಪ ತಾಳಿ. ನಾನು ಹೇಳಹೊರಟಿರುವುದು ಪ್ರೋಗ್ರಾಂ ಬರೆಯುವ ಎಡಿಟರ್ ಬಗ್ಗೆ. ನಮ್ಮನೆಯಲ್ಲೂ ಈ ಗೊಂದಲವಾಗಿ, "ಆಫೀಸಲ್ಲಿ ಇಷ್ಟು ವರ್ಷದಿಂದ ವಿಮ್ ಹಿಡಿದಿದ್ದೀರಲ್ಲ, ಮನೇಲೂ ಒಂದಿನ ಹಿಡೀರಿ" ಅಂತ ಅನ್ನಿಸಿಕೊಂಡಿದ್ದೇನೆ :-)

2006ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಸೀನಿಯರ್ ಒಬ್ಬರು "ಆ ಫೈಲನ್ನ ವಿಮ್‌ನಲ್ಲಿ ತೆಗೆದು ಒಂದು ಸಾಲು ಬದಲಾಯಿಸಪ್ಪ" ಅಂದರು. ತೆಗೆದೆ. ಟೈಪ್ ಮಾಡಿದರೆ ಅಕ್ಷರ ಬೀಳುವ ಬದಲು ಕರ್ಸರ್ ಎಲ್ಲೆಲ್ಲೋ ಓಡುತ್ತದೆ. 'ಡಿ' ಎರಡು ಸಲ ಒತ್ತಿದರೆ ಇಡೀ ಸಾಲೇ ಮಾಯ! ಹೊರಗೆ ಬರೋಣವೆಂದರೆ ಅಭಿಮನ್ಯುವಿನ ಪಾಡು. ಹತ್ತು ನಿಮಿಷ ಒದ್ದಾಡಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಕಂಪ್ಯೂಟರಿನ ಪವರ್ ಬಟನ್ನನ್ನೇ ಅದುಮಿಬಿಟ್ಟೆ.

ಹಿಂದಿನ ಸೀಟಿನವನು ನೋಡುತ್ತಿದ್ದ. "ಎಂತ ಮಾರಾಯ, ಎಸ್ಕೇಪ್ ಒತ್ತಿ ಕೋಲನ್ ಕ್ಯೂ ಹೊಡೆದರೆ ಆಯ್ತಲ್ಲ. ಇದಕ್ಕೇ ಹೇಳುವುದು, ಇಮ್ಯಾಕ್ಸ್ ಕಲಿ ಅಂತ."

ಪುತ್ತೂರಿನ ಕಡೆಯವನು. ಇಮ್ಯಾಕ್ಸಿನ ಪರಮಭಕ್ತ. ಇಡೀ ಫ್ಲೋರಿಗೆ ಅವನು 'ಸ್ವಾಮಿಗಳು'. ಅವನ ಆ ನಗು ನೋಡಿ ಹಟಕ್ಕೆ ಬಿದ್ದು ವಿಮ್ಮನ್ನೇ ಕಲಿತೆ. ಅಲ್ಲಿಂದ ಶುರುವಾಯಿತು ನಮ್ಮ ಕುರುಕ್ಷೇತ್ರ.

ಈ ಜಗಳಕ್ಕೆ ನಮಗಿಂತ ಹೆಚ್ಚು ವಯಸ್ಸಾಗಿದೆ. ಎರಡೂ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎರಡು ತುದಿಗಳಲ್ಲಿ. ಬರ್ಕ್ಲಿಯಲ್ಲಿ ಬಿಲ್ ಜಾಯ್ ವಿಐ ಬರೆದ; ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತಿತರರು ಇಮ್ಯಾಕ್ಸ್ ಕಟ್ಟಿದರು. ಬಿಲ್ ಜಾಯ್ ಮನೆಯಿಂದ ಕೆಲಸ ಮಾಡುತ್ತಿದ್ದದ್ದು 300 ಬಾಡ್ ಮೋಡೆಮ್‌ನಲ್ಲಿ. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರದ 24 ಸಾಲು ಪರದೆ ತುಂಬಬೇಕಾದರೆ ಒಂದು ನಿಮಿಷ! ಅದಕ್ಕೇ ವಿಐ ಆಜ್ಞೆಗಳೆಲ್ಲ ಜಿಪುಣನ ಟೆಲಿಗ್ರಾಂ ಥರ ಒಂದೆರಡು ಅಕ್ಷರದವು. ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಯಾಕೆ ಅಂತ ಸ್ವಾಮಿಗಳು ಯಾವಾಗಲೂ ಹಂಗಿಸುತ್ತಿದ್ದರು. ಅವನ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತು ಇದ್ದದ್ದೇ ಆ ನಾಲ್ಕು ಕೀಲಿಗಳ ಮೇಲೆ, ಅಷ್ಟೇ.

ಇಮ್ಯಾಕ್ಸ್‌ನಲ್ಲಾದರೋ ಟೆಟ್ರಿಸ್ ಆಟ ಉಂಟು, ಮೇಲ್ ಓದಬಹುದು, ಪ್ರಶ್ನೆಗೆ ಮರುಪ್ರಶ್ನೆ ಕೇಳುವ ಮನೋವೈದ್ಯ ಕೂಡ ಇದ್ದಾನೆ. "ಒಳ್ಳೇ ಆಪರೇಟಿಂಗ್ ಸಿಸ್ಟಮ್ಮು, ಒಂದು ಒಳ್ಳೇ ಎಡಿಟರ್ ಇದ್ದಿದ್ರೆ ಚೆನ್ನಾಗಿತ್ತು" ಅನ್ನೋ ಹಳೇ ಜೋಕನ್ನು ನಾನು ವಾರಕ್ಕೊಮ್ಮೆ ಹೊಡೆಯುತ್ತಿದ್ದೆ. ಅದಕ್ಕವನು ಸ್ಟಾಲ್‌ಮನ್ ಮಾತನ್ನು ಎಸೆಯುತ್ತಿದ್ದ. ಸ್ಟಾಲ್‌ಮನ್ ಭಾಷಣಗಳಲ್ಲಿ ನಿಲುವಂಗಿ ತೊಟ್ಟು, ಹಳೇ ಡಿಸ್ಕೊಂದನ್ನು ಪ್ರಭಾವಳಿಯಂತೆ ತಲೆಗಿಟ್ಟುಕೊಂಡು ಇಮ್ಯಾಕ್ಸ್ ಪಂಥದ ಸಂತನ ವೇಷ ಹಾಕುತ್ತಿದ್ದ. ವಿಐ ಬಳಸುವುದು ಪಾಪವಲ್ಲ, ಪ್ರಾಯಶ್ಚಿತ್ತ ಅಂತ ಅವನ ತಮಾಷೆ.

ನಾನು ನಿಜವಾಗಿ ಸೋತದ್ದು ಕನ್ನಡದಲ್ಲಿ. ಬ್ಲಾಗ್ ಬರಹವನ್ನು ಟರ್ಮಿನಲ್ಲಿನ ವಿಮ್‌ನಲ್ಲಿ ಬರೆಯಹೋದರೆ ಒತ್ತಕ್ಷರಗಳೆಲ್ಲ ಕಳಚಿಬಿದ್ದವು. ಸ್ವಾಮಿಗಳು ಮಾತಾಡದೆ ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಚ್, ಎಚ್ ಒತ್ತಿ ತೋರಿಸಿದರು. ಲೋಕದ ಭಾಷೆಗಳ ಶುಭಾಶಯಗಳ ಪಟ್ಟಿ, ಅದರಲ್ಲಿ ನಮ್ಮ 'ನಮಸ್ಕಾರ' ಕೂಡ. ಆವತ್ತಿನ ಕಾಫಿ ನನ್ನ ಲೆಕ್ಕದಲ್ಲಿ.

ಆಮೇಲೆ ಇಬ್ಬರೂ ಕಂಪನಿ ಬದಲಿಸಿದೆವು. ಅವನು ಊರಿಗೇ ವಾಪಸ್ಸಾಗಿ ತೋಟದ ಮನೆಯಿಂದ ಕೆಲಸ ಮಾಡತೊಡಗಿದ. ಮಾತು ಹಬ್ಬಕ್ಕೊಂದು ಮೆಸೇಜಿಗೆ ಇಳಿಯಿತು.

2023ರ ಆಗಸ್ಟ್‌ನಲ್ಲಿ ಒಂದು ಸಂಜೆ ಅವನ ಫೋನು. "ಬ್ರಾಮ್ ಹೋದರಂತೆ ಮಾರಾಯ."

ಬ್ರಾಮ್ ಮೂಲೆನಾರ್. ಡಚ್ಚಿನವರು. 1991ರಲ್ಲಿ ವಿಮ್ ಬಿಡುಗಡೆ ಮಾಡಿ ಕೊನೆಯವರೆಗೂ ಅದನ್ನು ಸಾಕಿದವರು. ಆಗಸ್ಟ್ 3ರಂದು ತೀರಿಕೊಂಡಿದ್ದರು. ಬರೀ 62 ವರ್ಷ. ಹದಿನೇಳು ವರ್ಷ ಆ ಮನುಷ್ಯನ ಅನ್ನ ಉಂಡವನು ನಾನು, ಸುದ್ದಿ ಮೊದಲು ತಲುಪಿದ್ದು ಎದುರು ಪಾಳಯದವನಿಗೆ.

"ನಾನು ವರ್ಷಾ ವರ್ಷಾ ಸ್ವಲ್ಪ ಕಳಿಸ್ತಿದ್ದೆ, ಆ ಉಗಾಂಡದ ಮಕ್ಕಳಿಗೆ" ಅಂದ.

ನನಗೆ ಮಾತೇ ಹೊರಡಲಿಲ್ಲ. ವಿಮ್ ಬಳಸೋರಿಗೆ ಗೊತ್ತು, ಫೈಲ್ ಹೆಸರು ಕೊಡದೆ ತೆರೆದರೆ ಪರದೆಯ ಮಧ್ಯೆ ಉಗಾಂಡದ ಬಡಮಕ್ಕಳಿಗೆ ನೆರವಾಗಿ ಅಂತೊಂದು ಸಾಲು ಬರುತ್ತಿತ್ತು. ಬ್ರಾಮ್ ವಿಮ್ಮಿಗೆ ಕಾಸು ಕೇಳಲಿಲ್ಲ. ಇಷ್ಟವಾದರೆ ಕಿಬಾಲೆ ಅನ್ನೋ ಊರಿನ ಮಕ್ಕಳಿಗೆ ಕೊಡಿ ಅಂದರು. ಏಡ್ಸ್‌ನಿಂದ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು. ಸ್ವತಃ ಅಲ್ಲಿ ಹೋಗಿ ನೀರು, ನೈರ್ಮಲ್ಯದ ಕೆಲಸ ಮಾಡಿ ಬಂದವರು ಅವರು. ನಾನು ಆ ಸಾಲನ್ನು ಸಾವಿರಾರು ಸಲ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ.

"ನೀನು ಇಮ್ಯಾಕ್ಸಿನವನಲ್ವೇನೋ?" ಅಂದೆ, ಪೆದ್ದನ ಹಾಗೆ.

"ಹೌದು. ಆದರೆ ನಿನ್ನ ಹಿಂದಿನ ಸೀಟು ಅಲ್ವಾ? ದಿನಾ ನಿನ್ನ ಸ್ಕ್ರೀನೇ ಕಾಣ್ತಿತ್ತು."

ಆ ರಾತ್ರಿ ವಿಮ್ ತೆರೆದು, ಆ ಸಾಲು ಹೇಳಿದಂತೆ ಹೆಲ್ಪ್ ಪುಟಕ್ಕೆ ಹೋಗಿ ಕಡೇ ತನಕ ಓದಿದೆ. ಒಂದಿಷ್ಟು ದುಡ್ಡು ಕಳಿಸಿದೆ. ದೊಡ್ಡ ಮೊತ್ತವೇನಲ್ಲ, ಹದಿನೇಳು ವರ್ಷಕ್ಕೆ ಭಾಗಿಸಿದರೆ ದರ್ಶಿನಿಯ ಮಸಾಲೆದೋಸೆ ಲೆಕ್ಕ. ಆದರೂ ರಸೀದಿಯ ಫೋಟೋ ತೆಗೆದು ಸ್ವಾಮಿಗಳಿಗೆ ಕಳಿಸಿದೆ.

"ಪ್ರಾಯಶ್ಚಿತ್ತ ಆಯ್ತಲ್ಲ, ಇನ್ನು ಇಮ್ಯಾಕ್ಸಿಗೆ ಬಾ" ಅಂತ ಉತ್ತರ ಬಂತು.

ಕೋಲನ್ ಕ್ಯೂ ಅಂತ ಟೈಪ್ ಮಾಡಿ, ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಸೇರಿಸಿ ಕಳಿಸಿದೆ.