ಅಪ್ಪನ ಹೆಸರಿಗೇ ಬರೋ ಬಿಲ್ಲು (ಭಾಗ 5)

ಕಳೆದ ಭಾಗ ಓದಿ ಮೆಸೇಜ್ ಮಾಡಿದವರಲ್ಲಿ ಸುಮಾರು ಜನ ಕೇಳಿದ್ದು ಒಂದೇ: "ಅಪ್ಪ ಹೋದ್ಮೇಲೆ ಮನೆ ಬಿಲ್ಲುಗಳನ್ನೆಲ್ಲ ಹೇಗೆ ನೋಡ್ಕೊಂಡೆ?" ಇಬ್ಬರು ತಮ್ಮ ಮನೇಲೂ ಈಗಷ್ಟೇ ಹೀಗಾಗಿದೆ ಅಂತ ಬರೆದಿದ್ರು. ಇದು ಅವರಿಗೆ. ಉಳಿದವರು ಸೇವ್ ಮಾಡಿಟ್ಕೊಳ್ಳಿ. ಬೇಕಾಗೋದು ಬೇಡ, ಆದ್ರೂ ಇರ್ಲಿ.

ಸಾವಾದ ಮನೆಗೂ ಮೀಟರ್ ರೀಡರ್ ಬರ್ತಾರೆ. ಇದು ಯಾರೂ ಹೇಳಿಕೊಡದ ವಿಷಯ. ಗೃಹಜ್ಯೋತಿ ಲೆಕ್ಕ ನಿಮಗೆ ಗೊತ್ತಲ್ಲ: 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇ. 10, ಅಷ್ಟು ಯೂನಿಟ್ ಉಚಿತ. ತಿಂಗಳಿಗೆ 200 ದಾಟಿದ್ರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಪ್ಪ ಇದ್ದಾಗ ನಮ್ಮದು ಯಾವಾಗ್ಲೂ ಸೊನ್ನೆ ಬಿಲ್ಲು. ಯಾರೂ ಇಲ್ಲದ ರೂಮಲ್ಲಿ ಫ್ಯಾನ್ ತಿರುಗ್ತಿದ್ರೆ ಅವರಿಗೆ ನಿದ್ದೆ ಬರ್ತಿರಲಿಲ್ಲ. ಅವರು ಹೋದ ತಿಂಗಳು ಮನೆ ತುಂಬ ನೆಂಟರು, ರಾತ್ರಿಯೆಲ್ಲ ಲೈಟು, ಹಗಲೆಲ್ಲ ಫ್ಯಾನು, ದಿನಕ್ಕೆ ನಾಕು ಸಲ ಗೀಸರ್. 216 ಯೂನಿಟ್ ಬಂತು. ಅಮ್ಮ ಆ ಚೀಟಿ ಹಿಡ್ಕೊಂಡು "ಅವರಿದ್ದಿದ್ರೆ ಬೈತಿದ್ರು" ಅಂದ್ಲು. ಮೇಲ್ಗಡೆ ಅಪ್ಪನ ಹೆಸರು ಎಂದಿನ ಹಾಗೇ ಪ್ರಿಂಟ್ ಆಗಿತ್ತು.

ಈಗ ಕೆಲಸದ ಮಾತು. ಬಿಲ್ಲು ಯಾರ ಹೆಸರಲ್ಲೇ ಇರ್ಲಿ, ಕಟ್ಟೋಕೆ ಯಾರು ಬೇಕಾದ್ರೂ ಕಟ್ಟಬಹುದು. ಕರೆಂಟ್ ಬಿಲ್ಲಲ್ಲಿ ಆರ್‌ಆರ್ ನಂಬರ್, ಅಕೌಂಟ್ ಐಡಿ ಅಂತ ಇರುತ್ತೆ, ಅದನ್ನ ಫೋಟೋ ತೆಗೆದಿಟ್ಕೊಳ್ಳಿ. ನಿಮ್ಮ ಫೋನಿಂದಲೇ ಕಟ್ಟಿ. ಒಂದು ತಿಂಗಳು ತಡವಾದ್ರೆ ನಾಳೆನೇ ಬಂದು ಫ್ಯೂಸ್ ಕಿತ್ಕೊಂಡು ಹೋಗ್ತಾರೆ ಅಂತ ಹೆದರಬೇಡಿ. 2003ರ ವಿದ್ಯುತ್ ಕಾಯ್ದೆ ಪ್ರಕಾರ ಬಾಕಿಗೆ ಕನೆಕ್ಷನ್ ತೆಗೆಯೋ ಮುಂಚೆ ಕನಿಷ್ಠ 15 ದಿನದ ಲಿಖಿತ ನೋಟಿಸ್ ಕೊಡಬೇಕು.

ಆದರೆ ಅವರ ಎಟಿಎಂ ಕಾರ್ಡು, ಅವರ ಯುಪಿಐ ಪಿನ್ ಗೊತ್ತಿದೆ ಅಂತ ಅದರಿಂದ ಕಟ್ಟಬೇಡಿ. ವ್ಯಕ್ತಿ ತೀರಿಹೋದ್ಮೇಲೆ ಆ ಖಾತೆ ನಡೆಸೋ ಅಧಿಕಾರ ಮನೆಯವರಿಗೂ ಹಾಗೆ ಸುಮ್ಮನೆ ಬರಲ್ಲ. ಬ್ಯಾಂಕಿಗೆ ತಿಳಿಸಿದ್ಮೇಲೆ ಆ ಖಾತೆಯಿಂದ ತಾನಾಗೇ ಕಟ್ ಆಗ್ತಿದ್ದ ಬಿಲ್ಲುಗಳೂ ನಿಲ್ಲುತ್ತವೆ. ಹಾಗಾಗಿ ಮೊದಲು ಪಾಸ್‌ಬುಕ್ ತಗೊಂಡು ಒಂದು ವರ್ಷದ ಎಂಟ್ರಿ ಓದಿ. ಎಲ್ಲೆಲ್ಲಿಗೆ ದುಡ್ಡು ಹೋಗ್ತಿತ್ತು ಅಂತ ಅಲ್ಲೇ ಸಿಗುತ್ತೆ.

ಅವರ ಸಿಮ್ ಆಫ್ ಆಗೋಕೆ ಬಿಡಬೇಡಿ, ರೀಚಾರ್ಜ್ ಮಾಡ್ತಾ ಇರಿ. ಗ್ಯಾಸ್ ಬುಕಿಂಗು, ಬಿಲ್ ಮೆಸೇಜು ಎಲ್ಲ ಆ ನಂಬರಿಗೇ ಬರ್ತಿರುತ್ತೆ. ಒಂದೊಂದಾಗಿ ನಿಮ್ಮ ನಂಬರಿಗೆ ಬದಲಾಯಿಸೋವರೆಗೂ ಅದು ಬೇಕು.

ಮರಣ ಪ್ರಮಾಣಪತ್ರ: ಸಾವನ್ನ 21 ದಿನದೊಳಗೆ ನೋಂದಾಯಿಸಬೇಕು, ಆಮೇಲೆ ಆದ್ರೆ ತಡದ ಶುಲ್ಕ ಬೀಳುತ್ತೆ. ಐದಾರು ಪ್ರತಿ ತೆಗೆಸಿಡಿ. ಜೊತೆಗೆ ನಾಡಕಚೇರಿಯಿಂದ ವಂಶವೃಕ್ಷ. ಈ ಎರಡು ಕಾಗದ ಕೈಗೆ ಬರೋವರೆಗೂ ಯಾವ ಕೌಂಟರ್‌ಗೆ ಹೋದ್ರೂ ವಾಪಸ್ ಬರಬೇಕಾಗುತ್ತೆ. ಹೆಸರು ಬದಲಾಯಿಸೋಕೆ ಉಳಿದ ವಾರಸುದಾರರ ಒಪ್ಪಿಗೆ ಪತ್ರಾನೂ ಕೇಳ್ತಾರೆ. ಮನೆ ಅಪ್ಪನ ಹೆಸರಲ್ಲೇ ಇದ್ರೆ ಖಾತೆ ಬದಲಾವಣೆಗೂ ಅರ್ಜಿ ಹಾಕಿ.

ನಮ್ಮ ಕ್ಲಾಸಿನವರಿಗೆ ಒಂದು ಮಾತು. ಬಿಲ್ ಅಂದ ತಕ್ಷಣ ಬರೀ ಲಯಬಿಲಿಟಿ ಅನ್ಕೋಬೇಡಿ. ಕನೆಕ್ಷನ್ ತಗೊಂಡಾಗ ಅಪ್ಪ ಕಟ್ಟಿದ ಠೇವಣಿ ಅಸೆಟ್ ಕಣ್ರೋ. ಕರೆಂಟ್ ಠೇವಣಿಗೆ ಕಾಯ್ದೆ ಪ್ರಕಾರ ಬಡ್ಡಿನೂ ಇದೆ. ಗ್ಯಾಸ್ ಸಿಲಿಂಡರಿಗೂ ಠೇವಣಿ ಇರುತ್ತೆ. ಆ ಹಳೇ ರಸೀದಿಗಳನ್ನ ಗುಜರಿಗೆ ಹಾಕಬೇಡಿ.

ಇಷ್ಟೆಲ್ಲ ಓಡಾಡುವಾಗ ನನಗೆ ತಲೇಲಿ ಕೊರೀತಿದ್ದದ್ದು ಬೇರೆ. ನಮ್ಮ ರೇಷನ್ ಕಾರ್ಡಲ್ಲಿ ಅಮ್ಮನೇ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಮನೆಯ ಹಿರಿಯ ಹೆಂಗಸು ಕುಟುಂಬದ ಮುಖ್ಯಸ್ಥೆ ಅಂತಿದೆ. ಗೃಹಲಕ್ಷ್ಮಿ ದುಡ್ಡೂ ಅದೇ ಲೆಕ್ಕದಲ್ಲಿ ಅವಳಿಗೆ ಬರುತ್ತೆ. ಆದರೆ ಕರೆಂಟು, ನೀರು, ಗ್ಯಾಸು, ಮನೆ ಕಂದಾಯ, ಒಂದರಲ್ಲೂ ಅವಳ ಹೆಸರಿಲ್ಲ. ಒಂದಿನ ಸಿಲಿಂಡರ್ ತಂದವರು ಬಾಗಿಲಲ್ಲಿ ನಿಂತು ಕೋಡ್ ಕೇಳಿದ್ರು. ಕೋಡ್ ಬಂದದ್ದು ಅಪ್ಪನ ನಂಬರಿಗೆ, ಆ ಫೋನು ನನ್ನ ಬ್ಯಾಗಲ್ಲಿ, ನಾನು ಇಂಟರ್ನಲ್ಸ್ ಬರೀತಿದ್ದೆ. ಇಪ್ಪತ್ತು ವರ್ಷ ಅದೇ ಒಲೆ ಮುಂದೆ ನಿಂತು ಅಡುಗೆ ಮಾಡಿದವಳು, ಆ ಸಿಲಿಂಡರ್ ನಮ್ಮದೇ ಅಂತ ತೋರಿಸೋಕೆ ಅವಳ ಹತ್ರ ಏನೂ ಇರಲಿಲ್ಲ.

ಅವತ್ತು ಸಂಜೆನೇ ಹೆಸರು ಬದಲಾಯಿಸೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಬಿಲ್ಲಲ್ಲಾದ್ರೂ ಅವರ ಹೆಸರು ಇರ್ಲಿ ಬಿಡು" ಅಂದ್ಲು. ನಾನು ವಾದ ಮಾಡಲಿಲ್ಲ. ವಾದ ಮಾಡೋ ವಿಷಯ ಅಲ್ಲ ಅದು. ನಿಮ್ಮ ಮನೇಲೂ ಯಾರಾದ್ರೂ ಹೀಗೆ ಹೇಳಿದ್ರೆ ಅವಸರ ಮಾಡಬೇಡಿ. ಬಿಲ್ ಕಟ್ತಾ ಇದ್ರೆ ಸ್ವಲ್ಪ ದಿನ ಹಳೇ ಹೆಸರೇ ಇದ್ದು ಏನೂ ಮುಳುಗಿ ಹೋಗಲ್ಲ.

ಕೊನೆಗೆ ನಾವು ಒಪ್ಪಂದಕ್ಕೆ ಬಂದ್ವಿ. ಗ್ಯಾಸ್ ಮೊದಲು ಅಮ್ಮನ ಹೆಸರಿಗೆ, ಅವಳದೇ ನಂಬರಿಗೆ. ನೀರು ಆಮೇಲೆ. ಕರೆಂಟು ಖಾತೆ ಆದ್ಮೇಲೆ. ಹೊಸ ಗ್ಯಾಸ್ ಪುಸ್ತಕ ಬಂದಾಗ ಅಮ್ಮ ತನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ ಅಂತ ಎರಡು ಸಲ ನೋಡಿದ್ಲು. ಈಗ ಬುಕ್ ಮಾಡೋದು ಅವಳೇ, ಕೋಡ್ ಹೇಳೋದೂ ಅವಳೇ. ಹಳೇ ಪುಸ್ತಕ ಅಪ್ಪನ ಕನ್ನಡಕದ ಜೊತೆ ಬೀರುವಿನಲ್ಲಿದೆ.

ಅಕೌಂಟ್ಸಲ್ಲಿ ಗೋಯಿಂಗ್ ಕನ್ಸರ್ನ್ ಅಂತ ಓದಿದ್ವಲ್ಲ, ವ್ಯವಹಾರ ಮುಂದುವರೀತದೆ ಅಂತ ಇಟ್ಕೊಂಡೇ ಲೆಕ್ಕ ಬರೀಬೇಕು ಅಂತ. ಮನೇನೂ ಹಾಗೇ. ಅದನ್ನ ನಡೆಸೋದು ಒಬ್ಬರ ತಲೇಲಿ, ಒಬ್ಬರ ಫೋನಲ್ಲಿ ಮಾತ್ರ ಇರಬಾರದು.

ಅದಕ್ಕೇ ಕೇಳ್ತಿದೀನಿ. ಅಪ್ಪ ಅಮ್ಮ ಇಬ್ಬರೂ ಮನೇಲಿರುವಾಗಲೇ, ಇವತ್ತು ಊಟ ಆದ್ಮೇಲೆ ಒಂದು ನೋಟ್‌ಬುಕ್ ಹಿಡ್ಕೊಂಡು ಕೂತ್ಕೊಳ್ಳಿ. ಯಾವ ಬಿಲ್ಲು, ಯಾರ ಹೆಸರು, ಯಾವ ನಂಬರು, ಠೇವಣಿ ರಸೀದಿ ಎಲ್ಲಿದೆ, ಅಷ್ಟೇ ಬರ್ಕೊಳ್ಳಿ. ಅಮ್ಮನ ಹೆಸರು ಎಷ್ಟರಲ್ಲಿದೆ ಅಂತ ಎಣಿಸಿ. "ಯಾಕೋ ಅಪಶಕುನದ ಮಾತು" ಅಂತ ಬೈದ್ರೆ, ಬಿಕಾಂ ಪ್ರಾಜೆಕ್ಟು ಅನ್ನಿ. ನಂಬ್ತಾರೆ.

ಮುಂದಿನ ಭಾಗದಲ್ಲಿ ಬ್ಯಾಂಕು, ನಾಮಿನಿ. ಡೌಟ್ ಇದ್ರೆ ಕಾಮೆಂಟ್ ಮಾಡಿ, ನನಗೆ ಗೊತ್ತಿದ್ದಷ್ಟು ಹೇಳ್ತೀನಿ.