ನೀರಿಗೆ ಅಂಜದ ಕಾಗದ

ಕಾಗದವು ನೀರಿನ ಕೂಸು. ದಾಂಡೇಲಿಯ ಕಾಗದ ಕಾರ್ಖಾನೆ 1950ರ ದಶಕದಲ್ಲಿ ಕಾಳಿ ನದಿಯ ದಡದಲ್ಲಿ ನೆಲೆಗೊಂಡುದು ಸುಮ್ಮನೆ ಅಲ್ಲ. ಮರದ ನಾರುಗಳು ನೀರಿನಲ್ಲಿ ತೇಲಿ, ಜರಡಿಯ ಮೇಲೆ ಒಂದನ್ನೊಂದು ತಬ್ಬಿ, ಒಣಗಿ ಹಾಳೆಯಾಗುತ್ತವೆ. ನೀರು ಹೆಣೆದುದನ್ನು ನೀರೇ ಬಿಡಿಸಬಲ್ಲುದು. ಹನಿ ಬಿದ್ದೊಡನೆ ನಾರು ಅದನ್ನು ಹೀರಿ ಉಬ್ಬುತ್ತದೆ. ತಬ್ಬಿದ ಹಿಡಿತ ಸಡಿಲುತ್ತದೆ.

ಈ ಹುಟ್ಟುಗುಣವನ್ನು ಗೆಲ್ಲಲು ಮನುಷ್ಯ ಮಾಡಿದ ಉಪಾಯವೇ ಲೇಪ. ಆದರೆ ಪ್ರತಿಯೊಂದು ಲೇಪವೂ ಒಂದು ಸಾಲ. ಬಡ್ಡಿ ಆಮೇಲೆ ತಿಳಿಯುತ್ತದೆ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಇಲ್ಲಿಗ್ ರಾಳವನ್ನೂ ಪಟಿಕವನ್ನೂ ನಾರಿನ ತಿಳಿಗೆ ಬೆರೆಸುವ ವಿಧಾನವನ್ನು ಪ್ರಕಟಿಸಿದನು. ಶಾಯಿ ಹರಡುವುದು ನಿಂತಿತು. ಆದರೆ ಪಟಿಕದ ಆಮ್ಲಗುಣದಿಂದ ಎಷ್ಟೋ ಹಳೆಯ ಪುಸ್ತಕಗಳು ಮುಟ್ಟಿದರೆ ಮುರಿಯುವಂತಾದುವು. ಮೇಣ ನೀರನ್ನು ತಡೆಯಿತು. 60 ಡಿಗ್ರಿಯ ಸುಮಾರಿಗೆ ತಾನೇ ಕರಗಿತು. ಜಿಡ್ಡನ್ನೂ ತಡೆಯುವ ಫ್ಲೋರಿನ್ ಸಂಯುಕ್ತಗಳು ಬಂದುವು. ಅವು ಮಣ್ಣಿನಲ್ಲಿಯೂ ಮೈಯಲ್ಲಿಯೂ ಬಹುಕಾಲ ಉಳಿಯುವುದು ತಿಳಿದ ಮೇಲೆ ಅಮೆರಿಕದಲ್ಲಿ ಆಹಾರದ ಕಾಗದಕ್ಕೆ ಅವುಗಳ ಮಾರಾಟ ನಿಂತಿತೆಂದು 2024ರಲ್ಲಿ ಅಲ್ಲಿಯ ಸರಕಾರ ಸಾರಿತು.

ಇದು ದೂರದ ಮಾತಲ್ಲ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಲೋಟಗಳಿಗೆ ನಿಷೇಧ ಬಂದಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅದೇ ಕಟ್ಟಳೆಯಾಯಿತು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಸಂಜೆಯ ಚಹಾಕ್ಕೆ ಪೇಪರ್ ಕಪ್ ಹಿಡಿದವನು ಪ್ಲಾಸ್ಟಿಕ್ಕಿನ ಪೀಡೆ ತೊಲಗಿತೆಂದು ನೆಮ್ಮದಿಪಡುವುದು ಸಹಜವೇ. ಆದರೆ ಆ ಕಪ್ಪಿನ ಒಳಮೈಗೆ ಸಾಮಾನ್ಯವಾಗಿ ಕೂದಲೆಳೆಗಿಂತ ತೆಳುವಾದ ಪಾಲಿಥಿನ್ ಪೊರೆಯಿರುತ್ತದೆ. ಅದು ಕರಗಲು 100 ಡಿಗ್ರಿಗೂ ಮೀರಿದ ಕಾವು ಬೇಕು. ಆದುದರಿಂದ ಚಹಾ ಸೋರದು. ಆದರೂ ಬಿಸಿನೀರು 15 ನಿಮಿಷ ನಿಂತರೆ 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಕಣಗಳು ಬೆರೆಯುತ್ತವೆಂದು ಖರಗಪುರದ ಐಐಟಿ ಸಂಶೋಧಕರು ಎಣಿಸಿದ್ದಾರೆ. ಎಸೆದ ಮೇಲೆ ನಾರು ಮಣ್ಣಾಗುತ್ತದೆ, ಪೊರೆ ಮಣ್ಣಾಗದು.

ಹಾಗೆಂದು ಹಿಂದಿರುಗಿ ಹಳೆಯ ಪತ್ರಿಕೆಯಲ್ಲಿ ಮಿರ್ಚಿ ಭಜಿ ಕಟ್ಟುವುದೂ ಸಲ್ಲದು. ಮುದ್ರಣದ ಮಸಿ ಎಣ್ಣೆಯೊಡನೆ ಹೊಟ್ಟೆ ಸೇರುತ್ತದೆ. ಅದಕ್ಕಾಗಿಯೇ ಪ್ರಯೋಗಶಾಲೆಗಳಲ್ಲಿ ಬೇರೆ ಲೇಪಗಳ ಹುಡುಕಾಟ ನಡೆದಿದೆ. ಪಿಷ್ಟ ಜಿಡ್ಡನ್ನು ತಡೆದು ನೀರಿಗೆ ಸೋಲುತ್ತದೆ. ಅರಗು ನೀರನ್ನು ತಡೆದು ಬಿಸಿಗೆ ಮೆತ್ತಗಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಅಲ್ಲಿಯವರೆಗೆ ತೊಳೆದು ಬಳಸುವ ಗಾಜಿನ ಲೋಟವೇ ಲೇಸು. ಲೇಪವನ್ನು ಪರೀಕ್ಷಿಸುವವರು ಅದು ಎಷ್ಟು ಹೊತ್ತು ತಾಳುತ್ತದೆಂದು ಕೇಳಿದರೆ ಸಾಲದು. ಕೆಲಸ ಮುಗಿದ ಮೇಲೆ ಎಷ್ಟು ಬೇಗ ಮಣ್ಣಾಗುತ್ತದೆಂದೂ ಕೇಳಬೇಕು. ಮುತ್ತುಗದ ಪತ್ರಾವಳಿ ಬಿಸಿ ಅನ್ನಸಾರನ್ನು ಒಂದು ಊಟದ ಹೊತ್ತು ತಾಳಿ, ಮರುದಿನ ತಿಪ್ಪೆಯಲ್ಲಿ ಗೊಬ್ಬರವಾಗತೊಡಗುತ್ತದೆ. ಕಾಗದವಿನ್ನೂ ಆ ವಿದ್ಯೆಯನ್ನು ಕಲಿಯಬೇಕಾಗಿದೆ.