ಕೊಯ್ನಾದ ನೀರು, ನನ್ನ ಪದ

1993ರ ಸೆಪ್ಟೆಂಬರ್ 29ರ ರಾತ್ರಿ ಗಣಪತಿ ಕಳಿಸಿ ಮಲಗಿದ್ದೆವು. ನಸುಕಿನ ನಾಲ್ಕು ಹೊಡೆಯೂದರೊಳಗ ಗೋಡೆ ನಡುಗಿದವು, ಗಡಿಗಿ ಉರುಳಿದವು. ಅಕ್ಕಲಕೋಟ ಸೀಮೆಯ ನಮ್ಮೂರಾಗ ಯಾರಿಗೂ ಪೆಟ್ಟಾಗಲಿಲ್ಲ. ಕಿಲ್ಲಾರಿ ಕಡೆ ಹತ್ತು ಸಾವಿರದ ಹತ್ತಿರ ಮಂದಿ ಕಲ್ಲು-ಮಣ್ಣಿನ ಮನಿಯೊಳಗ ಸಿಕ್ಕು ಸತ್ತರು.

ಆ ವರ್ಷ ನಾನೊಂದು ಡೊಳ್ಳಿನ ಪದ ಕಟ್ಟಿದೆ. ಮಂದಿಯ ಪಾಪ ಹೆಚ್ಚಾಗಿ ಭೂತಾಯಿ ಮೈ ಕೊಡವಿದಳು ಅನ್ನುವ ಅರ್ಥದ್ದು. ಜಾತ್ರ್ಯಾಗ ಮತ್ತ ಮತ್ತ ಹಾಡಿಸಿದರು. ಒಂದು ಸಲ ಹಾಡು ಮುಗಿದ ಮ್ಯಾಲ ಆ ಕಡೆಯಿಂದ ಬಂದಿದ್ದ ಮುದುಕಿ ಹತ್ತಿರ ಬಂದು, "ಯಪ್ಪಾ, ನನ್ನ ಮೊಮ್ಮಗಳು ಇನ್ನೂ ಮೊಲಿ ಬಿಟ್ಟಿದ್ದಿಲ್ಲ. ಆಕಿ ಏನ್ ಪಾಪ ಮಾಡಿದ್ಲು?" ಅಂದಳು. ನನಗ ಮಾತ ಹೊಂಡಲಿಲ್ಲ.

ಮುಂದ ವಾಚನಾಲಯದಾಗ ನಮ್ಮ ಗುರುಗಳನ್ನ ಕೇಳಿದೆ. ಅವರು ಕೊಯ್ನಾದ ಕಥಿ ಹೇಳಿದರು. ಅಲ್ಲಿ 1962ರಾಗ ಧರಣದೊಳಗ ನೀರು ತುಂಬಲು ಹತ್ತಿತು, ಸಣ್ಣ ನಡುಕ ಸುರುವಾದವು. 1967ರ ಡಿಸೆಂಬರ್ 11ರ ನಸುಕಿನ್ಯಾಗ 6.3ರ ಭೂಕಂಪ. ನಾನಾಗ ಸಣ್ಣ ಹುಡುಗ. ನೀರಿನ ಭಾರ ಒಂದ ಕಾರಣ ಅಲ್ಲಂತ. ನೀರು ಬಿರುಕಿನೊಳಗ ಆಳಕ್ಕಿಳಿದು ಬಂಡೆಗಳ ನಡುವ ಒತ್ತತದ. ಬಿಗಿದು ಹಿಡಿದ ಬಂಡೆಯ ಹಿಡಿತ ಸಡಿಲಾಗತದ, ಜಾರತದ. ಬಲ ನೀರಿಂದಲ್ಲ, ಅದು ಬಂಡ್ಯಾಗ ಮೊದಲ ಕೂಡಿರತದ. ನೀರು ಅಗಳಿ ತಗೀತದ ಅಷ್ಟ.

ಅಮೆರಿಕದ ಡೆನ್ವರ್ ಹತ್ತಿರ ಸೈನ್ಯದ ಕಾರಖಾನೆಯೊಂದು ತನ್ನ ಹೊಲಸು ನೀರನ್ನ 3,600 ಮೀಟರಿಗಿಂತ ಆಳದ ಬಾವಿಗೆ ಪಂಪಿನಿಂದ ಒತ್ತಿ ತುಂಬಿತು. ಅದೂ 1962ರಾಗ. ನೆಲ ನಡುಗಲು ಹತ್ತಿತು. 1966ರಾಗ ತುಂಬೂದು ನಿಲ್ಲಿಸಿದರು. ಆದರ ಎಲ್ಲಕ್ಕಿಂತ ದೊಡ್ಡ ನಡುಕ ಬಂದದ್ದು 1967ರಾಗ! ಇದು ನನಗ ಲಗೂನ ತಿಳೀತು. ಮೋಟರ್ ಬಂದ್ ಮಾಡಿದ ಮ್ಯಾಲೂ ಸಾಲಿನ್ಯಾಗಿನ ನೀರು ಕಬ್ಬಿನ ತುದಿತನಕ ಹರೀತನ ಇರತದಲ್ಲ, ಹಂಗ ಒತ್ತಡ ಆಳದಾಗ ಹರಡಿತ್ತು.

"ಹಂಗಾದರ ನನ್ನ ಬೋರಿನಿಂದ?" ಅಂತ ಅಂಜಿ ಕೇಳಿದೆ. ಗುರುಗಳು ನಕ್ಕರು. ನಾವು ಕೆಲವು ನೂರು ಫೂಟಿನಿಂದ ನೀರು ಮ್ಯಾಲ ಎತ್ತವರು, ಆ ಬಂಡೆ ಜಾರೂದು ಕಿಲೋಮೀಟರ್‌ಗಟ್ಟಲೆ ಕೆಳಗ. ನನ್ನ ಬೋರಂತೂ ಒಣಗೇ ಹೋಗಿತ್ತು, ಅದು ಬ್ಯಾರೆ ಮಾತು.

ಕೊಯ್ನಾದ ಲೆಕ್ಕ ಕಿಲ್ಲಾರಿಗೆ ಹಚ್ಚಬ್ಯಾಡ ಅಂತನೂ ಹೇಳಿದರು. ಹಚ್ಚೂದಿಲ್ಲ. ಆದರ ಅಲ್ಲೂ ಜಾರಿದ್ದು ಬಂಡೆ, ಆ ಕೂಸಿನ ಪಾಪ ಅಲ್ಲ.

ಪದದಾಗಿನ ಆ ನುಡಿ ಬಿಟ್ಟೀನಿ. ಜಾತ್ರ್ಯಾಗ ಹಳಬರು ಈಗಲೂ ಅದನ್ನ ಹಾಡಂತಾರ. ಮರತೀನಿ ಅಂತ ಹೇಳತೀನಿ.